ಗೇಲಿ ಮಾಡಿದ್ದು ಸಾಕು, ನಮಗೇನು ಕೊಡ್ತೀರಿ?

1996ರ ಕ್ರಿಕೆಟ್ ವಿಶ್ವಕಪ್ ನೆನಪಿದೆಯಾ? ಅಧಿಕೃತ ಪಾನೀಯದ ಪಟ್ಟ ಕೋಕಾ ಕೋಲಾಕ್ಕೆ ಸಿಕ್ಕಿತ್ತು. ಪೆಪ್ಸಿ ಸುಮ್ಮನಿರುತ್ತಾ? 'ನಥಿಂಗ್ ಅಫೀಶಿಯಲ್ ಅಬೌಟ್ ಇಟ್' ಅಂತ ಟೀವಿಯಲ್ಲಿ ಗೇಲಿ ಶುರು ಮಾಡಿತು. ಆಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ದೊಡ್ಡವರನ್ನ ಚಿಕ್ಕವರು ಕೆಣಕಿದರೆ ಯಾರಿಗೆ ಖುಷಿಯಾಗಲ್ಲ ಹೇಳಿ?

ಈಗ ಯೋಚಿಸಿದರೆ ನನ್ನ ಮೇಲೇ ನಗು ಬರುತ್ತೆ. ಪೆಪ್ಸಿ ಯಾವ ಸೀಮೆ ಚಿಕ್ಕವರು ಸ್ವಾಮಿ? ಇಬ್ಬರೂ ಅಮೆರಿಕದ ದೈತ್ಯರೇ. ಆ ಗೇಲಿಯಿಂದ ಕುಡಿಯುವವನಿಗೆ ಬಾಟಲಿ ಅಗ್ಗವಾಯ್ತಾ? ರುಚಿ ಹೆಚ್ಚಾಯ್ತಾ?

ದೊಡ್ಡವರನ್ನ ಎದುರು ಹಾಕಿಕೊಳ್ಳೋದು ಹೇಗೆ ಅಂತ ಅಮೆರಿಕದಲ್ಲೇ ಕಾರು ಬಾಡಿಗೆಗೆ ಕೊಡುವ ಏವಿಸ್ 1962ರಲ್ಲಿ ತೋರಿಸಿತ್ತು. ಮೊದಲ ಸ್ಥಾನ ಹರ್ಟ್ಸ್‌ನದು. 'ನಾವು ಬರೀ ಎರಡನೆಯವರು, ಅದಕ್ಕೇ ಹೆಚ್ಚು ಶ್ರಮ ಪಡ್ತೀವಿ' ಅಂತ ಏವಿಸ್ ಜಾಹೀರಾತಿನಲ್ಲೇ ಒಪ್ಪಿಕೊಂಡಿತು. ನಮ್ಮ ಕಾರಿನಲ್ಲಿ ಆಶ್‌ಟ್ರೇ ಕೊಳಕಾಗಿದ್ದರೆ ನಮಗೆ ಉಳಿಗಾಲವಿಲ್ಲ ಅಂದಿತು. ಗಿರಾಕಿ ಕಾರಿನ ಬಾಗಿಲು ತೆಗೆದು ಮಾತು ನಿಜವೋ ಸುಳ್ಳೋ ನೋಡಬಹುದಿತ್ತು! ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿ ಲಾಭಕ್ಕೆ ಬಂತು.

ನನ್ನ ತಕರಾರು ಇಷ್ಟೇ. ಎದುರಾಳಿಯನ್ನ ಆಡಿಕೊಳ್ಳೋಕೆ ದುಡ್ಡಿದ್ದರೆ ಸಾಕು, ಗಿರಾಕಿಗೆ ಮಾತು ಕೊಡೋಕೆ ಧೈರ್ಯ ಬೇಕು. ಮುಂದಿನ ಸಲ ಒಂದು ಕಂಪನಿ ಇನ್ನೊಂದರ ಕಾಲೆಳೆದಾಗ ನಗಿ, ಬೇಡ ಅನ್ನಲ್ಲ. ಆದರೆ ಜೇಬಿಗೆ ಕೈ ಹಾಕೋ ಮೊದಲು ಕೇಳಿ: 'ಅವನ ಸುದ್ದಿ ಬಿಡಪ್ಪಾ, ನೀನೇನು ಕೊಡ್ತೀಯ?'

ನೀವೇನಂತೀರಿ?