ಆ ಗಂಡುಗರು ಎಲ್ಲಿಗೆ ಹೋಯ್ತು?

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ಮಂಡ್ಯ ಕಡೆಯವರಿಗೆ ಗೊತ್ತು, ಯುಗಾದಿಗಿಂತ ಮಾರನೇ ದಿನದ ಹೊಸತೊಡಕೇ ದೊಡ್ಡ ಹಬ್ಬ. ನಾನು ಬಾಡು ಬೇಡ ಅಂದೆ. "ಯಾವ್ ಮಾಲೆ ಹಾಕಿದ್ದೀಯೋ?" ಅಂದ್ರು ಮಾವ. ಎಲ್ಲರೂ ನಕ್ಕರು. ಅವ್ವ ಮುದ್ದೆಗೆ ಸೊಪ್ಪಿನ ಸಾರು ಬಿಟ್ಟು, ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ ಇಟ್ಟಳು. ಅದೂ ಬೇಡ ಅಂದಾಗ ಯಾರೂ ನಗಲಿಲ್ಲ. "ಡಾಕ್ಟ್ರು ಏನಾರ ಹೇಳವ್ರೇನ್ಲಾ ಮಗ?" ಅಂದಳು ಅವ್ವ.

ಬಾಡು ಬಿಟ್ಟರೆ ಭಕ್ತಿ, ಹಾಲು ಬಿಟ್ಟರೆ ಕಾಯಿಲೆ. ಮೂರನೇ ಕಾರಣ ನಮ್ಮ ಕಡೆ ಯಾರಿಗೂ ಹೊಳೆಯಲ್ಲ.

ಬೆಂಗಳೂರಲ್ಲಿ ಇನ್ನೂ ಕಷ್ಟ. ನಾನು ಮಾಂಸ ಬಿಟ್ಟೆ ಅಂದಾಗ ಟೀಮಿನ 'ಪ್ಯೂರ್ ವೆಜ್' ಗೆಳೆಯ ಕೈಕುಲುಕಿ ಅಭಿನಂದಿಸಿದ, ನಾನೇನೋ ಮೇಲಿನ ಕ್ಲಾಸಿಗೆ ಪಾಸಾದವನ ಥರ. ಅವನ ಇನ್ನೊಂದು ಕೈಲಿ ಫಿಲ್ಟರ್ ಕಾಫಿ. ನನ್ನ ತಕರಾರು ಇರೋದೇ ಆ ಲೋಟದ ಬಗ್ಗೆ ಸ್ವಾಮಿ. ಹಾಲು ಅಹಿಂಸೆಯ ಆಹಾರ ಅಲ್ಲ. ಇದನ್ನ ನಾನು ಗೂಗಲ್ ಮಾಡಿ ತಿಳ್ಕೊಂಡಿದ್ದಲ್ಲ, ಕೊಟ್ಟಿಗೆಯಲ್ಲೇ ನೋಡಿ ಬೆಳೆದದ್ದು.

ಹಸು ಸುಮ್ಮನೆ ಹಾಲು ಕೊಡಲ್ಲ, ಕರು ಹಾಕಿದರೆ ಮಾತ್ರ ಕೊಡುತ್ತೆ. ಆ ಹಾಲು ಬತ್ತುವ ಮೊದಲೇ ಇಂಜೆಕ್ಷನ್ ಕೊಡಿಸಿ ಮತ್ತೆ ಗಬ್ಬ ಮಾಡಿಸಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ತಾತನ ಕಾಲದಲ್ಲಿ ಹಳ್ಳಿಕಾರ್ ಹೋರಿಗರು ಹುಟ್ಟಿದರೆ ಖುಷಿ, ಉಳೋಕೆ, ಗಾಡಿಗೆ ಬೇಕಿತ್ತು. ಸೀಮೆಹಸುವಿನ ಗಂಡುಗರುವಿಗೆ ನೊಗ ನಿಲ್ಲೋಕೆ ಹೆಗಲ ಮೇಲೆ ಡುಬ್ಬ ಇಲ್ಲ, ನಮ್ಮ ಬಿಸಿಲಲ್ಲಿ ದುಡಿಯೋ ತ್ರಾಣ ಇಲ್ಲ. ಉಳೋಕೆ ಹೇಗೂ ಟ್ರ್ಯಾಕ್ಟರ್ ಬಂದಿದೆ. ಅದು ಕುಡಿಯೋ ಪ್ರತಿ ಲೀಟರೂ ಡೈರಿಗೆ ಹೋಗಬೇಕಾದ ಲೀಟರು. ಚಿಕ್ಕವನಿದ್ದಾಗ ಗಿಣ್ಣು ತಿಂದ ನೆನಪು ಚೆನ್ನಾಗಿದೆ. ಆದರೆ ಒಂದಾದರೂ ಗಂಡುಗರು ನಮ್ಮ ಕೊಟ್ಟಿಗೆಯಲ್ಲಿ ದೊಡ್ಡದಾದ ನೆನಪಿಲ್ಲ. ಕೆಲವು ಹಾಲು ಸಾಲದೆ ಸತ್ತವು. ಕೆಲವನ್ನ ಬೆಳಕು ಹರಿಯೋ ಮೊದಲೇ ಯಾರೋ ಬಂದು ಹೊಡ್ಕೊಂಡು ಹೋಗ್ತಿದ್ರು. ಹಸು ಎರಡು ದಿನ ಕೂಗೋದು. ನಾವು ಮಕ್ಕಳು ಸ್ಕೂಲಲ್ಲಿ ಪುಣ್ಯಕೋಟಿ ಹಾಡು ಹೇಳಿ ಅತ್ತು, ಮನೆಗೆ ಬಂದು ಆ ಹಸುವಿನ ಹಾಲು ಕುಡೀತಿದ್ವಿ.

"ಹಾಗಾದ್ರೆ ರೈತ ಕಟುಕನಾ?" ಅಂತ ಕೇಳ್ತೀರಿ. ಅಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಹಸು, ಕರು, ಎತ್ತು, ಗೂಳಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಸರಿ, ಹಾಲು ಬತ್ತಿದ ಹಸುವಿಗೆ, ಕೆಲಸಕ್ಕೆ ಬಾರದ ಗಂಡುಗರುವಿಗೆ ವರ್ಷಗಟ್ಟಲೆ ಹಿಂಡಿ-ಬೂಸಾ ಹಾಕೋರು ಯಾರು? ಕಾಯ್ದೆಗೆ ಚಪ್ಪಾಳೆ ಹೊಡೆದವರೇ ಹಾಲಿನ ರೇಟು ಎರಡು ರೂಪಾಯಿ ಏರಿದರೆ ಬೊಬ್ಬೆ ಹೊಡೀತಾರೆ. ಹಾಲು ನಮಗೆ ಬೇಕು, ಪಾಪ ಮಾತ್ರ ಬೇರೆಯವರ ಲೆಕ್ಕಕ್ಕೆ.

ನಮ್ಮ ವೀಗನ್ ಬಳಗವೇನೂ ಕಮ್ಮಿಯಿಲ್ಲ. ಬಾದಾಮಿ ಹಾಲಿನ ಕಾಫಿ ಹೀರುತ್ತಾ, ಎರಡು ಹಸು ಕಟ್ಟಿಕೊಂಡು ಮಕ್ಕಳನ್ನ ಓದಿಸುತ್ತಿರೋ ಹೆಂಗಸಿಗೆ ಕಸಾಯಿಖಾನೆ ವಿಡಿಯೋ ತೋರಿಸಿ ನೀತಿ ಹೇಳೋರಿದ್ದಾರೆ. ಅವಳಿಗೆ ಹೇಳೋ ಮೊದಲು ಅವಳ ಹಾಲು ಕೊಳ್ಳೋ ನಮ್ಮ ಅಪಾರ್ಟ್‌ಮೆಂಟಿಗೆ ಹೇಳಬೇಕು. ಇನ್ನು ವೀಗನ್ ಅಂದ್ರೆ ದುಡ್ಡಿರೋರ ಶೋಕಿ ಅನ್ನೋರಿಗೆ: ಮುದ್ದೆ, ಬಸ್ಸಾರು, ಹುರುಳಿಕಾಳು, ಹುಚ್ಚೆಳ್ಳು ಚಟ್ನಿ ಯಾವ ಶೋಕಿ? ಬಿ12 ಮಾತ್ರೆ ನುಂಗಬೇಕು, ಒಪ್ತೀನಿ, ನುಂಗ್ತೀನಿ. "ಗಿಡಕ್ಕೂ ಜೀವ ಇಲ್ವಾ?" ಅನ್ನೋರು ಒಂದು ಹಸು ದಿನಕ್ಕೆ ಎಷ್ಟು ಮೇವು ತಿನ್ನುತ್ತೆ ಅಂತ ಒಮ್ಮೆ ಹಳ್ಳಿಗೆ ಬಂದು ನೋಡಲಿ.

ಅವತ್ತು ರಾತ್ರಿ ಜಗಲಿ ಮೇಲೆ ಅವ್ವ ಕೇಳಿಯೇಬಿಟ್ಟಳು. "ನಿನ್ ಬಿಇ ಫೀಜು ಯಾವ್ ದುಡ್ಡಲ್ಲಿ ಕಟ್ಟಿದ್ದು ಅಂದ್ಕಂಡಿದ್ದೀಯೆ?"

ಡೈರಿ ಬಟವಾಡೆ ದುಡ್ಡಲ್ಲಿ. ಅವಳು ದಿನಕ್ಕೆರಡು ಸಲ ಕ್ಯಾನು ಹೊತ್ತು, ಫ್ಯಾಟು-ಡಿಗ್ರಿ ಬರೆಸಿಕೊಂಡು ಬಂದ ದುಡ್ಡಲ್ಲಿ.

"ಗೊತ್ತು ಕಣವ್ವ. ಕರು ಪಾಲಿನ ಹಾಲು ಮಾರಿ ಓದಿಸ್ದೆ. ಆಗ ನಿಂಗೆ ಬೇರೆ ದಾರಿ ಇರ್ಲಿಲ್ಲ. ಈಗ ನಂಗೆ ಇದೆ, ಅದ್ಕೇ ಬೇಡ ಅಂತಿರೋದು."

ಬೈತಾಳೆ ಅಂದ್ಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಂಡುಗರ ಕಳಿಸೋ ದಿಸ ನಾನೂ ಕೊಟ್ಟಿಗೆ ಕಡೀಕೆ ಹೋಯ್ತಿರ್ನಿಲ್ಲ ಕಣ್ಲಾ" ಅಂದಳು.

ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಗೊತ್ತಿಲ್ಲದವರು ನಾವು, ಪ್ಯಾಕೆಟ್ ಕತ್ತರಿಸಿ ಕಾಯಿಸೋರು.

ನಾಳೆಯಿಂದಲೇ ಹಾಲು ಬಿಡಿ ಅಂತ ಯಾರ ಕಾಲೂ ಹಿಡಿಯಲ್ಲ. ಆದರೆ ತಿಂಗಳಿಗೆ ಸಂಬಳ ಎಣಿಸೋ ನಮಗೆ ಅವ್ವನಿಗಿಲ್ಲದ ಆಯ್ಕೆ ಇದೆ. ಮುಂದಿನ ಸಲ ಬಾಡು ತಿನ್ನೋನ ಎದುರು ಕೂತು "ನಾವು ಪ್ರಾಣಿಹಿಂಸೆ ಮಾಡೋರಲ್ಲಪ್ಪ" ಅನ್ನೋ ಮೊದಲು, ನಿಮ್ಮ ಲೋಟದ ಹಾಲಿನ ಕರು ಎಲ್ಲಿಗೆ ಹೋಯ್ತು ಅಂತ ಒಮ್ಮೆ ಕೇಳ್ಕೊಳ್ಳಿ.