ಸತ್ತ ಹುಳಕ್ಕೆ ಐದು ಕೋಟಿ ಯಾಕೆ ಅನ್ನುವವರಿಗೆ

ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ 2018ರ ಮಾರ್ಚ್ ತಿಂಗಳಲ್ಲಿ ಹುಳಗಳ ಮ್ಯೂಸಿಯಂ ತೆರೆದರು. ಖರ್ಚು 5 ಕೋಟಿ ರೂಪಾಯಿ. ಆವತ್ತಿನಿಂದ ನಮ್ಮ ಕಡೆ ಅರಳಿಕಟ್ಟೆ ಮೇಲೆ, ಟೀ ಅಂಗಡೀಲಿ ಒಂದೇ ಮಾತು ಕೇಳ್ತಾ ಇದ್ದೇನೆ: "ಬದುಕಿರೋ ರೈತನಿಗೆ ಬೆಲೆ ಇಲ್ಲ, ಸತ್ತ ಹುಳಕ್ಕೆ ಐದು ಕೋಟಿ ಬಂಗ್ಲೆ!" ಮಾತು ಚೆನ್ನಾಗಿದೆ. ಪದ ಹಾಡೋನು ನಾನು, ಇಂಥ ಮಾತಿಗೆ ತಲೆದೂಗುವುದು ಗೊತ್ತು. ಆದರೆ ಮಾತು ಚಂದ ಆದ ಮಾತ್ರಕ್ಕೆ ನಿಜ ಆಗೋದಿಲ್ಲ. ಈ ಮಾತು ಸುಳ್ಳು, ಇದರಿಂದ ನಷ್ಟ ನಮಗೇ.

ಮೊದಲು ಒಂದು ತಿಳ್ಕೊಳ್ಳಿ. ಕಟ್ಟಡ ಹೊಸದು, ಹುಳದ ಪೆಟ್ಟಿಗೆ ಹಳೇದು. ಸೈದಾಪೇಟೆಯಲ್ಲಿದ್ದ ಕೃಷಿ ಕಾಲೇಜು 1906ರಲ್ಲಿ ಕೊಯಮತ್ತೂರಿಗೆ ಬಂತು. ಇಲ್ಲಿ ಸರ್ಕಾರದ ಕೀಟಶಾಸ್ತ್ರಜ್ಞನಾಗಿದ್ದ ಫ್ಲೆಚರ್ ಎಂಬ ಇಂಗ್ಲಿಷಿನವನು 1914ರಲ್ಲಿ ದಕ್ಷಿಣ ಭಾರತದ ಹುಳಗಳ ಮೇಲೆ ದೊಡ್ಡ ಪುಸ್ತಕ ತಂದ. ಆಮೇಲೆ ನಮ್ಮವರೇ ಆದ ಟಿ.ವಿ. ರಾಮಕೃಷ್ಣ ಅಯ್ಯರ್ 1940ರಲ್ಲಿ ಇನ್ನೊಂದು ಬರೆದರು. ಕಾಲೇಜು 1971ರಲ್ಲಿ ವಿಶ್ವವಿದ್ಯಾಲಯ ಆಯ್ತು. ಇಂಥವರೆಲ್ಲ ಹೊಲ ತೋಟ ಅಲೆದು ಹುಳ ಹಿಡಿದು ಕೂಡಿಟ್ಟು ಈಗ ಅಲ್ಲಿ 80 ಸಾವಿರಕ್ಕೂ ಮೇಲೆ ಆಗಿದೆ.

ಕೂಡಿಡೋದು ಅಂದರೆ ಸುಮ್ಮನೆ ಡಬ್ಬಕ್ಕೆ ಹಾಕೋದಲ್ಲ. ದುಂಬಿಯಾದರೆ ಬಲಗಡೆಯ ರೆಕ್ಕೆಚಿಪ್ಪಿಗೆ ಸೂಜಿ ಚುಚ್ಚಬೇಕು. ತೀರ ಸಣ್ಣದನ್ನು ಕಾರ್ಡಿನ ಚೂರಿನ ತುದಿಗೆ ಅಂಟಿಸಬೇಕು. ಮೆತ್ತಗಿರೋದನ್ನು ಸ್ಪಿರಿಟ್ಟಿನ ಸೀಸೆಯಲ್ಲಿ ಇಡಬೇಕು. ಸತ್ತ ಹುಳವನ್ನೂ ತಿನ್ನೋ ಹುಳ ಇದೆ, ಅದಕ್ಕೆ ಪೆಟ್ಟಿಗೇಲಿ ನುಸಿಗುಳಿಗೆ. ಎಲ್ಲಕ್ಕಿಂತ ದೊಡ್ಡದು ಸೂಜಿಯ ಕೆಳಗಿನ ಚೀಟಿ. ಯಾವ ಊರು, ಯಾವ ತಾರೀಕು, ಯಾವ ಗಿಡ, ಹಿಡಿದವರು ಯಾರು. ಪಟ್ಟಾ, ಚಿಟ್ಟಾ ಇಲ್ಲದ ಜಮೀನು ಹೇಗೋ, ಚೀಟಿ ಇಲ್ಲದ ಹುಳ ಹಾಗೆ. ಕೋರ್ಟಿನಲ್ಲಿ ನಿಲ್ಲೋದಿಲ್ಲ.

ಈ ಕೋರ್ಟು ನಮ್ಮ ತೋಟಕ್ಕೆ ಬಂದದ್ದು 2008ರಲ್ಲಿ. ಪರಂಗಿ ಗಿಡಕ್ಕೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಹುಳ ಹತ್ತಿತು. ಪರಂಗಿಯಿಂದ ಹಿಪ್ಪುನೇರಳೆಗೆ, ಮರಗೆಣಸಿಗೆ, ಹತ್ತಿಗೆ ಹರಡಿತು. ರೇಷ್ಮೆ ಸಾಕೋರ ಮನೇಲಿ ಹುಳಕ್ಕೆ ಹಾಕೋಕೆ ಸೊಪ್ಪಿಲ್ಲ. ಹೊಡೆದ ವಿಷ ಅದರ ಮೇಣದ ಮೈ ಮೇಲಿಂದ ಜಾರಿ ಹೋಗ್ತಿತ್ತು. ಹಿಟ್ಟು ತಿಗಣೆಯಲ್ಲಿ ಜಾತಿ ಬಹಳ, ನೋಡೋಕೆ ಎಲ್ಲವೂ ಒಂದೇ. ಬಲಿತ ಹೆಣ್ಣನ್ನು ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಮೈಮೇಲಿನ ರಂಧ್ರ ನೋಡಿ, ಗೊತ್ತಿರುವ ಜಾತಿಗಳ ಜೊತೆ ತಾಳೆ ಹಾಕಿದ ಮೇಲೆ ಹೆಸರು ಸಿಕ್ಕಿತು. ಅದು ಮೆಕ್ಸಿಕೋ ಕಡೆಯ ಪರಂಗಿ ಹಿಟ್ಟು ತಿಗಣೆ. ಹೆಸರು ಸಿಕ್ಕಿದ ಕೂಡಲೇ ತವರು ಸಿಕ್ಕಿತು, ತವರಲ್ಲಿ ಅದರ ಶತ್ರುವೂ ಸಿಕ್ಕಿತು. ಎಳ್ಳಿಗಿಂತ ಸಣ್ಣದೊಂದು ಕಣಜ. 2010ರಲ್ಲಿ ಪೋರ್ಟೋರಿಕೋದಿಂದ ಬೆಂಗಳೂರಿನ ಕೀಟ ಸಂಸ್ಥೆಗೆ ತರಿಸಿ, ಸಾಕಿ, ನಮ್ಮ ಜಿಲ್ಲೆಗಳಿಗೆ ಕೊಟ್ಟರು. ಕೆಲವು ತಿಂಗಳಲ್ಲಿ ಆ ಬಿಳಿ ಪೀಡೆ ತಗ್ಗಿತು. ಕನ್ನಡದಲ್ಲಿ ಕಣಜ ಅಂದರೆ ಹುಳವೂ ಹೌದು, ಕಾಳು ತುಂಬೋ ಗುಡಾಣವೂ ಹೌದು. ಆ ವರ್ಷ ಎರಡೂ ಅರ್ಥ ಒಂದೇ ಆಯ್ತು.

ತಪ್ಪು ಹೆಸರು ಇಟ್ಟಿದ್ದರೆ ತಪ್ಪು ಕಣಜ ತರಿಸ್ತಿದ್ದರು. ತಿಗಣೆ ಹಾಗೇ ಉಳೀತಿತ್ತು. ಐದು ಕೋಟಿಯ ಲೆಕ್ಕ ಕೇಳೋರು ಈ ಲೆಕ್ಕವನ್ನೂ ಹಾಕಲಿ.

2016ರಲ್ಲಿ ಪೊಳ್ಳಾಚಿಯ ತೆಂಗಿನ ಮೇಲೆ ಇನ್ನೊಂದು ಬಂತು, ಸುರುಳಿ ಬಿಳಿನೊಣ. ಗರಿಯ ಅಡಿ ಸುರುಳಿ ಸುರುಳಿ ಬಿಳಿ ಮೇಣ, ಕೆಳಗೆ ಸುರಿದ ಅಂಟಿನ ಮೇಲೆ ಕಪ್ಪು ಬೂಷ್ಟು. ತೋಟವೆಲ್ಲ ಹೊಗೆ ಹಿಡಿದ ಅಡುಗೆಮನೆ ಆಗಿತ್ತು. ಆಗ ತಿಳಿದವರು ಹೇಳಿದ್ದು: ವಿಷ ಹೊಡೀಬೇಡಿ, ಇದನ್ನು ತಿನ್ನೋ ಸಣ್ಣ ಕಣಜ ಇದೆ, ವಿಷಕ್ಕೆ ಮೊದಲು ಸಾಯೋದು ಅದು. ಬೂಷ್ಟಿಗೆ ಮೈದಾ ಗಂಜಿ ಹೊಡೆದರೆ ಒಣಗಿ ಉದುರುತ್ತೆ ಅಂದರು. ಕೇಳಿದವರ ಕಾಸು ಉಳೀತು. ಕೇಳದವರು ಮರದೆತ್ತರಕ್ಕೆ ಪೈಪು ಏರಿಸಿ ದುಡ್ಡು ಸುರಿದರು.

ಈಗ ನಮ್ಮವರನ್ನೇ ಕೇಳ್ತೇನೆ. ನಿಮ್ಮ ತೋಟದ ಹುಳಕ್ಕೆ ಹೆಸರಿಡೋರು ಯಾರು? ಔಷಧಿ ಅಂಗಡಿಯವನು. ಎಲೆ ಒಯ್ದು ತೋರಿಸಿದರೆ ಅವನು ಎಲೆ ನೋಡೋದು ಅರೆಗಳಿಗೆ, ಕಪಾಟು ನೋಡೋದು ಹೆಚ್ಚು. ಯಾವ ಡಬ್ಬ ಉಳಿದಿದೆಯೋ ಆ ಹುಳ ನಿಮ್ಮ ತೋಟಕ್ಕೆ ಬಂದಿರುತ್ತೆ! ವಿಷಕ್ಕೆ ಮದ್ದು ಅಂತ ಹೆಸರಿಟ್ಟ ಜನ ನಾವು. ಗುಲಗಂಜಿ ಹುಳದ ಜಾತಿಯಲ್ಲಿ ಒಂದು ದುಂಬಿಯಿದೆ. ಅದರ ಮರಿಗೂ ಮೈತುಂಬ ಬಿಳಿ ಹಿಟ್ಟು, ಆದರೆ ಅದು ತಿನ್ನೋದು ಹಿಟ್ಟು ತಿಗಣೆಯನ್ನೇ. ಗುರುತಿಲ್ಲದವನು ಕಾವಲುಗಾರನನ್ನೇ ಕಳ್ಳ ಅಂತ ಕೊಲ್ತಾನೆ.

"ಫೋನಲ್ಲಿ ಫೋಟೋ ತೆಗೆದರೆ ಸಾಲದೆ?" ಅಂತಾರೆ ಹುಡುಗರು. ಕೆಲವಕ್ಕೆ ಸಾಕು. ಹಿಟ್ಟು ತಿಗಣೆಗೆ ಸಾಲದು, ಮೇಲೆ ಹೇಳಿದ್ದೇನೆ. ಅದೂ ಅಲ್ಲದೆ ನೂರು ವರ್ಷದ ಮೇಲೆ ಯಾರಿಗೋ ಅನುಮಾನ ಬಂದರೆ ಅದೇ ಹುಳವನ್ನು ತೆಗೆದು ಮತ್ತೆ ನೋಡಬಹುದು.

ಹಾಗಂತ ವಿಶ್ವವಿದ್ಯಾಲಯಕ್ಕೆ ಬರೀ ಜೈಕಾರ ಹಾಕೋಕೆ ನಾನು ಕೂತಿಲ್ಲ. ಮೂರು ಮಾತು ಅವರಿಗೂ ಇದೆ. ಒಂದು, ಕಟ್ಟಡ ಒಂದೆರಡು ವರ್ಷದಲ್ಲಿ ಏಳುತ್ತೆ, ಹುಳ ಗುರುತಿಸೋ ಕಣ್ಣು ಬರೋಕೆ ಇಪ್ಪತ್ತು ವರ್ಷ ಬೇಕು. ಗಾಜಿಗೆ ಕೊಟ್ಟ ದುಡ್ಡನ್ನು ಕಣ್ಣಿಗೂ ಕೊಡಿ. ಎರಡು, ರೈತ ಸೀಸೇಲಿ ಹುಳ ತಂದರೆ ಅದೇ ವಾರ ಹೆಸರು, ಗುಣ, ಮಾಡಬೇಕಾದ್ದು ಕಾಗದದ ಮೇಲೆ ಬರೆದು ಕೊಡಿ. ತಡ ಆದಷ್ಟೂ ಅವನು ಅಂಗಡಿಗೆ ಹೋಗ್ತಾನೆ. ಮೂರು, ಚೀಟಿಯ ಮೇಲೆ ಲ್ಯಾಟಿನ್ ಹೆಸರು ಇರಲಿ, ಜಗತ್ತಿಗೆಲ್ಲ ಅದೇ ಬೇಕು. ಪಕ್ಕದಲ್ಲಿ ತಮಿಳು ಹೆಸರು, ನಮ್ಮ ಕನ್ನಡದವರು ಕರೆಯೋ ಹೆಸರು, ಆನೈಕಟ್ಟಿಯ ಇರುಳರು ಕರೆಯೋ ಹೆಸರು ಕೂಡ ಬರಲಿ. ಹುಳ ಹಿಡಿದ ಸಾಹೇಬನ ಹೆಸರಿಗೆ ಚೀಟೀಲಿ ಜಾಗ ಇದ್ದರೆ, ಅದನ್ನು ತಲೆತಲಾಂತರದಿಂದ ನೋಡಿದವರ ಮಾತಿಗೂ ಜಾಗ ಇರಬೇಕು.

ಮೇಷ್ಟ್ರುಗಳೇ, ನಿಮ್ಮ ಪಾಲೂ ಇದೆ. ಮಕ್ಕಳನ್ನು ಬಸ್ಸಲ್ಲಿ ಕರ್ಕೊಂಡು ಹೋಗಿ ಫೋಟೋ ಹಿಡಿದು ಬಂದರೆ ಮುಗೀಲಿಲ್ಲ. ಹೋಗೋಕೆ ಮುಂಚೆ ಊರಲ್ಲಿ ಸತ್ತು ಬಿದ್ದ ಹುಳ ಆಯಿಸಿ, ಬೆಂಕಿಪೊಟ್ಟಣದಲ್ಲಿ ಇಡಿಸಿ. ಊರು, ತಾರೀಕು, ಗಿಡ, ಹಿಡಿದ ಮಗುವಿನ ಹೆಸರು ಬರೆಸಿ. ಅಜ್ಜಿ ಅದನ್ನು ಏನಂತಾಳೆ ಅಂತ ಕೇಳಿಸಿ ಅದನ್ನೂ ಬರೆಸಿ. ಅಲ್ಲಿಗೆ ಒಯ್ದು ಹೆಸರು ಕೇಳಿ ಬನ್ನಿ. ಬಂದ ಮೇಲೆ ಆ ಪೊಟ್ಟಣಗಳನ್ನು ಈ ವಾಚನಾಲಯದ ಕಪಾಟಿನಲ್ಲಿ ಇಡೋಣ.

ಮುಂದಿನ ಪೀಡೆ ಯಾವ ಹಡಗಲ್ಲಿ, ಯಾವ ಸಸಿಯ ಬುಡದಲ್ಲಿ ಬರುತ್ತೋ ಯಾರಿಗೂ ಗೊತ್ತಿಲ್ಲ. ಬರೋದಂತೂ ಖಂಡಿತ. ಅವತ್ತು ಎಲೆ ಹಿಡ್ಕೊಂಡು ಅಂಗಡಿ ಕಡೆ ಓಡ್ತೀರೋ, ಸೀಸೆ ಹಿಡ್ಕೊಂಡು ಕೊಯಮತ್ತೂರಿನ ಬಸ್ಸು ಹತ್ತುತ್ತೀರೋ, ಇವತ್ತೇ ತೀರ್ಮಾನ ಮಾಡಿ.