ಶಿಫ್ಟ್ ಹಾಕುವ ಕಂಪ್ಯೂಟರಿಗೆ ಭಾನುವಾರ ಗೊತ್ತೇ?

ಹೊಸೂರಿನ ಸಿಪ್‌ಕಾಟ್‌ನಲ್ಲಿ ದುಡಿಯುವವರು ನಮ್ಮಲ್ಲೂ ಇದ್ದಾರೆ. ಎಐ, ಡೇಟಾ ಅನಾಲಿಟಿಕ್ಸ್ ಬೇಡ ಎನ್ನುವವರು ನಾವಲ್ಲ. ಮೆಷಿನ್‌ನ ನಡುಕ, ಬಿಸಿ ಅಳೆದು, ಕೆಡುವ ಮುಂಚೆಯೇ ಎಚ್ಚರಿಸುವ ಲೆಕ್ಕ ಒಳ್ಳೆಯದೇ.

ಆದರೆ ಆರ್ಡರ್ ಏರಿತೆಂದು ಭಾನುವಾರದ ಶಿಫ್ಟ್ ಶನಿವಾರ ರಾತ್ರಿ ಮೊಬೈಲಿಗೆ ಬಂದರೆ? ಕಂಪನಿಗೆ ಅದು ಚುರುಕುತನ. ಗುತ್ತಿಗೆ ಕೆಲಸದ ಅಣ್ಣನಿಗೆ ಬಲಿಪೂಜೆಯೂ ಇಲ್ಲ, ಮಕ್ಕಳ ಜೊತೆ ಊಟವೂ ಇಲ್ಲ. 'ಕಂಪ್ಯೂಟರ್ ಹಾಕಿದ್ದು' ಎನ್ನಬೇಡಿ. ಏನು ಮುಖ್ಯವೆಂದು ಅದಕ್ಕೆ ಹೇಳಿಕೊಟ್ಟವರು ಮನುಷ್ಯರೇ.

ಕಾರ್ಮಿಕರ ವಿಶ್ರಾಂತಿಗಾಗಿ 1891ರಲ್ಲೇ ಪೋಪ್ ಹದಿಮೂರನೇ ಲಿಯೋ ದನಿಯೆತ್ತಿದರು. 2025ರಲ್ಲಿ ಹದಿನಾಲ್ಕನೇ ಲಿಯೋ ತಮ್ಮ ಹೆಸರಿನ ಕಾರಣ ಹೇಳುವಾಗ ಎಐಯನ್ನೂ ಪ್ರಸ್ತಾಪಿಸಿದರು.

ನಾವು ಕೇಳುವುದು ಇಷ್ಟೇ: ಶಿಫ್ಟ್ ಪಟ್ಟಿ ವಾರ ಮೊದಲೇ ಬರಲಿ, ವಾರದ ರಜೆ ಉಳಿಯಲಿ, ಪ್ರಶ್ನಿಸಿದರೆ ಉತ್ತರಿಸಲು ಒಬ್ಬ ಮನುಷ್ಯನಿರಲಿ. ಆಫೀಸಿನಲ್ಲಿ ಕುಳಿತು ಆ ಪಟ್ಟಿ ನೋಡಿಕೊಳ್ಳುವ ನಮ್ಮ ಯುವಜನರೇ, ಮೊದಲು ನೀವು ಬಾಯಿ ಬಿಡಿ.